ವರ್ತನೆಯವರು ಕೊಟ್ಟ ಸಾಲ

ಹತ್ತು ನಿಮಿಷಕ್ಕೆ ಕೊತ್ತಂಬರಿ ಸೊಪ್ಪು ಮನೆಗೇ ಬರೋದನ್ನ ಈಗೇನೋ ಹೊಸದಾಗಿ ಕಂಡುಹಿಡಿದ ಹಾಗೆ ಮಾತಾಡ್ತಾರೆ. ಮೈಸೂರಿನ ನಮ್ಮ ಬೀದಿಯಲ್ಲಿ ಹಾಲು, ಹೂವು, ಸೊಪ್ಪು, ಪೇಪರು ಎಲ್ಲಾ ವರ್ತನೆ ಮೇಲೆ, ಅಂದರೆ ದಿನಾ ಕೊಟ್ಟು ತಿಂಗಳಿಗೊಮ್ಮೆ ದುಡ್ಡು ತಗೊಳ್ಳೋ ಲೆಕ್ಕದಲ್ಲಿ, ಬಾಗಿಲಿಗೇ ಬರ್ತಿತ್ತು. ಅಂಗಡಿಗೆ ಹೋಗ್ತಿದ್ದದ್ದು ದಿನಸಿಗೆ ಮಾತ್ರ.

ಹಾಲಿನವರಂತೂ ಹಸೂನೇ ಹೊಡ್ಕೊಂಡು ಬರೋರು. ಕರೆಯೋ ಮುಂಚೆ ಪಾತ್ರೆ ಬೋರಲು ಹಾಕಿ ತೋರಿಸಬೇಕು, ಒಳಗೆ ನೀರಿಲ್ಲ ಅಂತ. ಅಷ್ಟಾದರೂ ಅಜ್ಜಿ ಅಲ್ಲಿಂದ ಕದಲುತ್ತಿರಲಿಲ್ಲ. ಕರು ಸತ್ತಿದ್ದರೆ ಅದರ ತೊಗಲಿಗೆ ಹುಲ್ಲು ತುಂಬಿ, ಹೆಗಲ ಮೇಲೆ ಹೊತ್ತು ತಂದು ಹಸುವಿನ ಮುಂದೆ ನಿಲ್ಲಿಸೋರು. ಪಾಪ, ಅದನ್ನೇ ನೆಕ್ಕುತ್ತಾ ಹಸು ಸೊರ ಬಿಡ್ತಿತ್ತು. ನಂದಿನಿ ಪ್ಯಾಕೆಟ್ ಬಂದು ಆ ನೀರಿನ ಜಗಳ ತಪ್ಪಿತು, ಒಳ್ಳೇದೇ ಆಯ್ತು.

ಹೂವಿನಮ್ಮ ಬಾಳೆ ಎಲೆ ಪೊಟ್ಟಣ ಕಿಟಕಿ ಸರಳಿಗೆ ಸಿಕ್ಕಿಸಿ ಹೋಗೋಳು. ಶುಕ್ರವಾರ ಒಂದು ಮೊಳ ಜಾಸ್ತಿ. "ನಿನ್ನ ಮೊಳ ಯಾಕೋ ಗಿಡ್ಡ ಆಗ್ತಿದೆಯಲ್ಲೇ" ಅಂತ ಅಮ್ಮ, "ನಮ್ಮವ್ವ ಕೊಟ್ಟಿದ್ದು ಇಷ್ಟೇ ಕೈ ಕಣಮ್ಮ" ಅಂತ ಅವಳು. ವರ್ತನೆ ಮನೆ ಅಂದಮೇಲೆ ದುಡ್ಡು ಒಂದನೇ ತಾರೀಕಿಗೆ. ಸಂಬಳ ತಡವಾದರೆ "ಮುಂದಿನ ವಾರ ಬಾ".

ಇದನ್ನೆಲ್ಲ ಬಾಂಧವ್ಯ ಅಂತ ಕಣ್ಣೊರೆಸಿಕೊಳ್ಳೋರಿಗೆ ಒಂದು ಮಾತು. ಅದು ಬಡ್ಡಿ ಇಲ್ಲದ ಸಾಲ ಕಣ್ರೀ. ದೇವರಾಜ ಮಾರ್ಕೆಟ್ಟಿನಲ್ಲಿ ಬೆಳಗಾಗೋ ಮುಂಚೆ ಕೈಯಿಂದ ದುಡ್ಡು ಹಾಕಿ ಹೂವು ತಂದ ಹೆಂಗಸು, ಸರ್ಕಾರಿ ಸಂಬಳ ಬರೋ ಮನೆಗೆ ತಿಂಗಳಿಡೀ ಸಾಲ ಕೊಡ್ತಿದ್ದಳು. ಅದರ ಮೇಲೆ ನಮ್ಮ ಚೌಕಾಶಿ ಬೇರೆ. ಬಾಯಾರಿಕೆ ಅಂದರೆ ಎಷ್ಟೋ ಮನೆಗಳಲ್ಲಿ ಬೊಗಸೆಗೆ ನೀರು ಎತ್ತಿ ಹೊಯ್ಯೋರು. ಲೋಟ ಕೊಡ್ತಿರಲಿಲ್ಲ.

ಈಗ ಆಪು ಮೊದಲೇ ದುಡ್ಡು ಕಿತ್ಕೊಳ್ಳುತ್ತೆ, ಅದಕ್ಕೆ ನಾವು ಪಿಟಕ್ ಅನ್ನಲ್ಲ. ಹುಡುಗ ಬೆವರಿಳಿಸುತ್ತಾ "ಸರ್, ಓಟಿಪಿ" ಅಂದು ನಿಂತ ಕಾಲಲ್ಲೇ ಓಡ್ತಾನೆ. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಅವನಿಗೆ ನಮ್ಮ ಲಿಫ್ಟ್ ಇಲ್ಲ, ಸರ್ವಿಸ್ ಲಿಫ್ಟು. ಲೋಟ ಹೋಯ್ತು, ಲಿಫ್ಟ್ ಬಂತು.

ಇಂಥವರಿಗಾಗಿ ರಾಜ್ಯದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಬಂತು. ಪ್ರತಿ ಕೆಲಸಕ್ಕೆ ಅವರಿಗೆ ಸಿಗೋ ದುಡ್ಡಿನ ಮೇಲೆ ಶೇ. 1ರಿಂದ 5ರಷ್ಟು ಶುಲ್ಕವನ್ನ ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. "ಅದನ್ನೂ ನಮ್ಮ ಬಿಲ್ಲಿಗೇ ಸೇರಿಸ್ತಾರೆ" ಅಂತ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಗೊಣಗಾಟ. ಸೇರಿಸಲಿ ಬಿಡಿ, ಕೊಡೋಣ. ನನ್ನ ತಕರಾರು ಬೇರೆ. ತಲೆ ಮೇಲೆ ಬುಟ್ಟಿ ಹೊತ್ತು ಬರೋ ಸೊಪ್ಪಿನವರು ಯಾವ ಆಪಿಗೂ ಸೇರಿದೋರಲ್ಲ, ಹಾಗಾಗಿ ಈ ನಿಧಿಯಲ್ಲಿ ಅವರಿಗೆ ಪಾಲಿಲ್ಲ. ಹತ್ತು ನಿಮಿಷದ ಸೊಪ್ಪು ಬಂದಮೇಲೆ ವರ್ತನೆ ಕಳ್ಕೊಂಡೋರು ಅವರೇ.