ಗೌಡ್ರ ಲೆಕ್ಕ 42, ನನ್ನ ಲೆಕ್ಕ 41

"ನಿಮಗಿಂತ ಚೆನ್ನಾಗಿ ಆಡೋರ ಜೊತೆ ಆಡಿ ಮೇಷ್ಟ್ರೇ, ಆಗಲೇ ಆಟ ಸುಧಾರಿಸೋದು." ಕ್ಲಬ್ಬಿನಲ್ಲಿ ಸಿಕ್ಕವರೆಲ್ಲ ಹೇಳುವ ಮಾತಿದು. ಹತ್ತು ವರ್ಷ ನಾನೂ ಇದನ್ನೇ ನಂಬಿದ್ದೆ. ಈಗ ನಂಬುವುದಿಲ್ಲ.

ನಮ್ಮ ಚಿಕ್ಕಮಗಳೂರಿನಲ್ಲಿ ದಿನಾ ಬೆಳಿಗ್ಗೆ ಎದ್ದು ಟೆನಿಸ್ ಆಡಲು ನನಗೆ ಸಿಗುವವರೇ ಕಮ್ಮಿ. ಕಾಲೇಜು ಹುಡುಗರ ಎದುರು ನಿಂತರೆ ನನ್ನ ಕೆಲಸ ಚೆಂಡು ಹೆಕ್ಕುವುದು ಅಷ್ಟೇ. 6-1, 6-0. ಎಲ್ಲಿ ತಪ್ಪಿದೆ ಅಂತ ಗೊತ್ತಾಗುವಷ್ಟರಲ್ಲಿ ಹುಡುಗರು ಬೈಕ್ ಹತ್ತಿರುತ್ತಾರೆ. ಹೊಸದಾಗಿ ಕಲಿಯುವವರ ಜೊತೆಯಂತೂ ಬೇಡವೇ ಬೇಡ, ಕಾಲು ಎತ್ತಿ ಇಡದೆ ಸುಮ್ನೆ ಡ್ರಾಪ್ ಶಾಟ್ ಹಾಕಿ ಷೋಕಿ ಮಾಡುತ್ತೇನೆ.

ನನ್ನ ಪುಣ್ಯಕ್ಕೆ ಸಿಕ್ಕವರು ಆಲ್ದೂರು ಕಡೆಯ ತೋಟದ ಗೌಡ್ರು. ವಯಸ್ಸು ನನಗಿಂತ ಎರಡು ವರ್ಷ ಜಾಸ್ತಿ, ಹೊಟ್ಟೆ ಸ್ವಲ್ಪ ಕಮ್ಮಿ. ಅವರ ಫೋರ್‌ಹ್ಯಾಂಡ್ ಜೋರು, ನನ್ನ ಸ್ಲೈಸ್ ಪರವಾಗಿಲ್ಲ, ಇಬ್ಬರ ಎರಡನೇ ಸರ್ವ್ ಮಾತ್ರ ದೇವರಿಗೇ ಪ್ರೀತಿ. ಡೈರಿಯಲ್ಲಿ ಬರೆದಿಟ್ಟಿದ್ದೇನೆ: ಮೂರು ವರ್ಷದಲ್ಲಿ ಅವರು ಗೆದ್ದದ್ದು 41, ನಾನು 38. ಅವರು 42 ಅನ್ನುತ್ತಾರೆ, ಮಳೆ ಬಂದು ಅರ್ಧಕ್ಕೇ ನಿಂತ ಒಂದು ಪಂದ್ಯವನ್ನೂ ಸೇರಿಸಿಕೊಂಡು.

ಹೋದ ಏಪ್ರಿಲ್‌ನಲ್ಲಿ ಅವರ ಬ್ಯಾಕ್‌ಹ್ಯಾಂಡ್ ಕಡೆಗೆ ಎತ್ತರದ ಚೆಂಡು ಹಾಕಿ ಹಾಕಿ ಸಾಲಾಗಿ ನಾಲ್ಕು ಪಂದ್ಯ ಗೆದ್ದೆ. ಗುಟ್ಟು ಸಿಕ್ಕಿತು ಅಂತ ಬೀಗಿದೆ. ಐದನೇ ಪಂದ್ಯಕ್ಕೆ ಅವರು ಎರಡು ಹೆಜ್ಜೆ ಮುಂದೆ ಬಂದು, ಚೆಂಡು ಏಳುತ್ತಿರುವಾಗಲೇ ಹೊಡೆಯಲು ಶುರು ಮಾಡಿದರು. ಕಾಫಿ ಒಣಗಿಸುವ ಕಣ ಖಾಲಿ ಇತ್ತಲ್ಲ, ಅಲ್ಲಿ ಗೋಡೆಗೆ ಹೊಡೆದು ಹೊಡೆದು ಕಲಿತರಂತೆ! ಈಗ ನಾನು ಬೇರೆ ಏನಾದರೂ ಹುಡುಕಬೇಕು. ನನ್ನ ಆಟ ಏನಾದರೂ ಸುಧಾರಿಸಿದ್ದರೆ ಈ ಹುಡುಕಾಟದಿಂದ. ಹುಡುಗರಿಗೆ ನನ್ನನ್ನು ಸೋಲಿಸಲು ಏನೂ ಹೊಸದು ಕಲಿಯಬೇಕಾಗಿಲ್ಲ, ಹಾಗಾಗಿ ಅವರಿಂದ ನನಗೂ ಏನೂ ಸಿಗುವುದಿಲ್ಲ.

ಟೆನಿಸ್‌ನ ಲೆಕ್ಕವೇ ವಿಚಿತ್ರ ಬಿಡಿ. 2019ರ ವಿಂಬಲ್ಡನ್ ಫೈನಲ್‌ನಲ್ಲಿ ಫೆಡರರ್ ಗೆದ್ದ ಪಾಯಿಂಟ್ 218, ಜೊಕೊವಿಚ್ 204. ಆದರೂ ಕಪ್ ಜೊಕೊವಿಚ್‌ಗೆ. ಸೆಟ್ ಸಮಸಮ ಆದಾಗ ಅದನ್ನು ತೀರ್ಮಾನಿಸಲು ಆಡುವ ಟೈಬ್ರೇಕ್ ಮೂರು, ಮೂರೂ ಅವರದೇ. ಸಮಸಮ ಆಡುವವರ ನಡುವೆ ಹೀಗೇ, ಎಷ್ಟು ಪಾಯಿಂಟ್ ಅನ್ನುವುದಕ್ಕಿಂತ ಯಾವ ಪಾಯಿಂಟ್ ಅನ್ನುವುದು ಮುಖ್ಯ. ಗೌಡ್ರ ಎದುರು ಸೋತ ದಿನ ನನಗೆ ಅದು ಚೆನ್ನಾಗಿ ಗೊತ್ತಿರುತ್ತದೆ: ಸೆಟ್ 4-4, ಆ ಗೇಮ್‌ನಲ್ಲಿ ಮೂರನೇ ಡ್ಯೂಸ್, ಅಂದರೆ ಮೂರನೇ ಸಲ 40-40, ನೆಲಕ್ಕೆ ಬೀಳುವ ಮುಂಚೆಯೇ ಹೊಡೆಯಬೇಕಾದ ಸುಲಭದ ವಾಲಿ ನೆಟ್‌ಗೆ. ಮಧ್ಯಾಹ್ನ ಬೋರ್ಡ್ ಮೇಲೆ ಬರೆಯುವಾಗಲೂ ಕಣ್ಣ ಮುಂದೆ ಅದೇ ಚೆಂಡು.

ನಮ್ಮದು ಮಣ್ಣಿನ ಕೋರ್ಟ್, ಅಂಪೈರ್ ಇಲ್ಲ. ಚೆಂಡು ಯಾರ ಕಡೆ ಬೀಳುತ್ತದೋ ಅವರೇ ಹೇಳಬೇಕು, ಅನುಮಾನ ಇದ್ದರೆ ಎದುರಿನವರಿಗೆ ಬಿಡಬೇಕು. ಮಣ್ಣಿನಲ್ಲಿ ಗುರುತು ಉಳಿಯುತ್ತದೆ. ಆ ಗುರುತನ್ನು ಕಾಲಿನಿಂದ ಅಳಿಸಿದರೆ ಪಾಯಿಂಟ್ ಬಿಟ್ಟುಕೊಟ್ಟಂತೆ.

ಈ ಸಲ ಮಳೆ ಹಿಡಿಯುವ ಮುಂಚಿನ ಕೊನೆಯ ಪಂದ್ಯ. ಕೊನೇ ಸೆಟ್ ಟೈಬ್ರೇಕ್, ನಾನು 6-5, ಇನ್ನೊಂದು ಪಾಯಿಂಟ್ ಸಿಕ್ಕರೆ ಪಂದ್ಯ ನನ್ನದು. ನಾನು ಹೊಡೆದದ್ದು ಅವರ ಕಡೆಯ ಬೇಸ್‌ಲೈನ್, ಅಂದರೆ ಕೋರ್ಟಿನ ಹಿಂದಿನ ಗೆರೆಯ ಹತ್ತಿರ ಬಿತ್ತು. ನನಗಂತೂ ಹೊರಗೆ ಅನ್ನಿಸಿತು. ಕೋರ್ಟ್ 78 ಅಡಿ ಉದ್ದ, ಈ ತುದಿಯಿಂದ ನನಗೆ ಕಂಡದ್ದು ಎಷ್ಟು ಸರಿಯೋ. ಗೌಡ್ರು ಹೋಗಿ ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಶೂನಿಂದ ಗುರುತು ಉಜ್ಜಿ, "ಒಳಗೇ ಮೇಷ್ಟ್ರೇ, ನಡೀರಿ ಕಾಫಿ ಕುಡಿಯೋಣ" ಅಂದರು. ನಾನು ಬಾಯಿ ಬಿಡಲಿಲ್ಲ.

ಕೋರ್ಟ್ ಈಗ ಕೆಸರು, ಮಳೆ ಬಿಡುವವರೆಗೆ ಆಟ ಇಲ್ಲ. ಡೈರಿಯಲ್ಲಿ ಆ 38ನೇ ಗೆಲುವಿನ ಪಕ್ಕ ಪೆನ್ಸಿಲ್‌ನಲ್ಲಿ ಸಣ್ಣದೊಂದು ಪ್ರಶ್ನೆ ಗುರುತು ಹಾಕಿದ್ದೇನೆ. ಗೌಡ್ರಿಗೆ ಇನ್ನೂ ಹೇಳಿಲ್ಲ. ಇದನ್ನು ಓದಿದರೆ ನಾಳೆಯಿಂದ 43 ಅನ್ನುತ್ತಾರೆ.