ನಂದುವ ನಂದಾದೀಪ

ನಮ್ಮ ಮನೆಯ ಉದ್ದ 57 ಅಡಿ, ಅಗಲ ಏಳು ಅಡಿಗೆ ಎರಡು ಅಂಗುಲ ಕಡಿಮೆ. ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಈ ಲೆಕ್ಕ ಹೇಳಿದಾಗ, "ನಮ್ಮ ಜಗಲಿ ಇದಕ್ಕಿಂತ ಅಗಲ ಇದೆಯಲ್ಲೋ" ಎಂದಿದ್ದಳು. ಲಂಡನ್ನಿನ ಬಾಡಿಗೆಗೆ ಹೆದರಿ ನಾವಿಬ್ಬರೂ ಕೊಂಡುಕೊಂಡ ಹಳೆಯ ನ್ಯಾರೋಬೋಟ್ ಇದು. ಇಂಗ್ಲೆಂಡಿನ ಕಾಲುವೆಗಳಲ್ಲಿ ಏಳಡಿ ಅಗಲದ ಲಾಕ್‌ಗಳಿವೆ, ಅಂದರೆ ನೀರು ತುಂಬಿಸಿ ಇಳಿಸಿ ದೋಣಿಯನ್ನು ಮೇಲಿನ ಮಟ್ಟಕ್ಕೋ ಕೆಳಗಿನ ಮಟ್ಟಕ್ಕೋ ಸಾಗಿಸುವ ಬಾಗಿಲಿನ ಕಟ್ಟೆಗಳು. ಅವುಗಳಲ್ಲಿ ತೂರಬೇಕೆಂದೇ ಈ ದೋಣಿಗಳನ್ನು ಪಡವಲಕಾಯಿಯ ಹಾಗೆ ಮಾಡಿರುತ್ತಾರೆ. ನಮಗೆ ಕಾಯಂ ಜಾಗವಿಲ್ಲದ್ದರಿಂದ ಒಂದು ಕಡೆ 14 ದಿನ ನಿಂತರೆ ಹಗ್ಗ ಬಿಚ್ಚಿ ಮುಂದಕ್ಕೆ ಹೊರಡಬೇಕು.

ಕಳೆದ ಜನವರಿಯಲ್ಲಿ ಬ್ರಾನ್‌ಸ್ಟನ್ ಎಂಬ ಊರಿನ ಹತ್ತಿರ, ಆಕ್ಸ್‌ಫರ್ಡ್ ಕಾಲುವೆಯೂ ಗ್ರ್ಯಾಂಡ್ ಯೂನಿಯನ್ ಕಾಲುವೆಯೂ ಕೂಡುವಲ್ಲಿ ನಿಂತಿದ್ದೆವು. ನೀರಿನ ಮೇಲೆ ಹಾಲಿನ ಕೆನೆಯಷ್ಟು ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಬೆಳಗ್ಗೆ ಏಳೂವರೆಗೆ ಬಚ್ಚಲಿನಿಂದ ಹೆಂಡತಿಯ ಕೂಗು ಕೇಳಿತು. ತಲೆತುಂಬ ಅಮ್ಮ ಕಳಿಸಿದ ಸೀಗೆಪುಡಿ, ಕಣ್ಣಲ್ಲೂ ಒಂದಿಷ್ಟು, ನಲ್ಲಿಯಲ್ಲಿ ಕಾಲುವೆಯಷ್ಟೇ ತಣ್ಣನೆಯ ನೀರು. ಆ ಕೂಗಿಗೆ ಪಕ್ಕದ ದೋಣಿಯ ನಾಯಿ ಬೊಗಳಿತು, ಬಾತುಕೋಳಿಗಳು ಜಾಗ ಖಾಲಿ ಮಾಡಿದವು.

ನಮ್ಮ ಗ್ಯಾಸ್ ಗೀಸರ್ ಹಳೆಯ ಕಾಲದ್ದು. ಅದರ ಹೊಟ್ಟೆಯೊಳಗೆ ಉಗುರಿನಷ್ಟು ದೊಡ್ಡ ನೀಲಿ ಜ್ವಾಲೆಯೊಂದು ಹಗಲಿರುಳು ಉರಿಯುತ್ತಿರಬೇಕು. ನಲ್ಲಿ ತಿರುಗಿಸಿದೊಡನೆ ದೊಡ್ಡ ಬರ್ನರಿಗೆ ಬೆಂಕಿ ಹಚ್ಚುವುದು ಅದರ ಕೆಲಸ. ಇಲ್ಲಿಯವರು ಅದನ್ನು ಪೈಲಟ್ ಎನ್ನುತ್ತಾರೆ. ಫೋನಿನಲ್ಲಿ ಅಮ್ಮನಿಗೆ ಅರ್ಥವಾಗಲೆಂದು ನಾನು ನಂದಾದೀಪ ಎಂದುಬಿಟ್ಟೆ. ನಂದಾದೀಪ ನಂದಿತು ಎಂದರೆ ಅದು ರಿಪೇರಿಯ ವಿಷಯವಾಗಿ ಉಳಿಯುವುದಿಲ್ಲ, ಶಾಂತಿ ಹೋಮದ ವಿಷಯವಾಗುತ್ತದೆ. "ದೋಣಿ ಕೊಂಡಾಗ ಗಣಹೋಮ ಮಾಡಿಸಿ ಎಂದು ಬಡಕೊಂಡೆ" ಎಂದು ಶುರುವಾಯಿತು. ಏಳಡಿ ಅಗಲದ ದೋಣಿಯಲ್ಲಿ ಹೋಮಕುಂಡ ಇಟ್ಟರೆ ಪುರೋಹಿತರು ಕಾಲುವೆಯಲ್ಲಿ ಕೂರಬೇಕಾಗುತ್ತದೆ.

"ಸಿಲಿಂಡರ್ ಅಲುಗಾಡಿಸಿ ನೋಡು" ಎಂದರು ಅಪ್ಪ, ಹಿಂದಿನಿಂದ. ನೋಡಬೇಕಾಗಿರಲಿಲ್ಲ, ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಊರಿನ 14.2 ಕಿಲೋ ಸಿಲಿಂಡರಿನ ಹಾಗೆ ಇಲ್ಲಿಯ 13 ಕಿಲೋದ್ದೂ ಕೆಂಪು ಬಣ್ಣದ್ದೇ. ಆದರೆ ಒಳಗಿರುವುದು ಪ್ರೋಪೇನ್. ಅಡುಗೆ ಗ್ಯಾಸಿನಲ್ಲಿ ಬೆರೆಯುವ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಬರುತ್ತಿದ್ದಂತೆ ಆವಿಯಾಗುವುದನ್ನೇ ನಿಲ್ಲಿಸಿ ಮುದುರಿ ಮಲಗುತ್ತದೆ. ಪ್ರೋಪೇನ್‌ಗೆ ಮೈನಸ್ 42ರವರೆಗೂ ಚಳಿಯ ಪರಿವೆಯಿಲ್ಲ.

ಪೈಲಟ್ ಹಚ್ಚುವ ವಿಧಾನ ಸುಲಭ. ಗುಂಡಿ ಒತ್ತಿ ಹಿಡಿದು, ಕಿಡಿ ಹೊತ್ತಿಸಿ, ಜ್ವಾಲೆ ಕಂಡ ಮೇಲೂ ಅರ್ಧ ನಿಮಿಷ ಒತ್ತಿಯೇ ಇರಬೇಕು. ಗಡಿಯಾರ ನೋಡಲು ಕೈ ಬಿಡುವಿಲ್ಲ. ಹಾಗಾಗಿ ಅಪ್ಪ ಬೆತ್ತ ಹಿಡಿದು ಕಲಿಸಿದ ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತೇನೆ. ನಿಧಾನವಾಗಿ ಹೇಳಿದರೆ ನೂರ ಎಪ್ಪತ್ತಕ್ಕೆ ಸರಿಯಾಗಿ ಅರ್ಧ ನಿಮಿಷ. ಮಂಡಿಯೂರಿ ಕುಳಿತು ಮಗ್ಗಿ ಮುಗಿಸಿ, ದೇವರ ಮುಂದಿನ ಹೂವನ್ನು ಬಿಡುವಷ್ಟು ಮೆಲ್ಲಗೆ ಬೆರಳು ತೆಗೆದೆ. 'ಟಿಕ್' ಎಂದಿತು. ಕತ್ತಲೆ. ಹೀಗೆ ಹದಿನಾಲ್ಕು ಸಲ. ಹೆಬ್ಬೆರಳಿನಲ್ಲಿ ಗುಂಡಿಯ ಅಚ್ಚು ಮೂಡಿತು.

ನಾನು ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್, ಆದ್ದರಿಂದ ಸುಮ್ಮನಿರಲು ಬರುವುದಿಲ್ಲ. ಜ್ವಾಲೆಯ ಮುಂದೆ ಥರ್ಮೋಕಪಲ್ ಎಂಬ ಸಣ್ಣ ಕಡ್ಡಿಯೊಂದಿರುತ್ತದೆ. ಎರಡು ಬೇರೆ ಲೋಹಗಳ ಬೆಸುಗೆಯನ್ನು ಕಾಯಿಸಿದರೆ ವಿದ್ಯುತ್ ಹುಟ್ಟುತ್ತದೆ ಎಂಬುದರ ಸುಳಿವು 1821ರಲ್ಲಿ ಸೀಬೆಕ್ ಎಂಬಾತನಿಗೆ ಸಿಕ್ಕಿತ್ತು. ಈ ಕಡ್ಡಿಯಲ್ಲಿ ಹುಟ್ಟುವುದು ಇಪ್ಪತ್ತು ಮೂವತ್ತು ಮಿಲಿವೋಲ್ಟ್, ಟಾರ್ಚಿನ ಸೆಲ್ಲಿನ ಐವತ್ತರಲ್ಲಿ ಒಂದು ಪಾಲು ಎನ್ನಿ. ಗ್ಯಾಸಿನ ಕವಾಟವನ್ನು ತೆರೆದು ಹಿಡಿಯಲು ಅಷ್ಟು ಸಾಕು. ಜ್ವಾಲೆ ಆರಿದರೆ ಕಡ್ಡಿ ತಣ್ಣಗಾಗಿ ಕವಾಟ ತಾನೇ ಮುಚ್ಚಿಕೊಳ್ಳುತ್ತದೆ. ಇಲ್ಲವಾದರೆ ಗಾಳಿಗಿಂತ ಭಾರವಾದ ಪ್ರೋಪೇನ್ ಈ ಕಬ್ಬಿಣದ ಬೋಗುಣಿಯ ತಳದಲ್ಲಿ ನೀರಿನಂತೆ ನಿಂತು ಕಿಡಿಗಾಗಿ ಕಾಯುತ್ತದೆ. ಇದನ್ನೆಲ್ಲ ಹೆಂಡತಿಗೆ ವಿವರಿಸಿದೆ. ಅವಳು ತಲೆಗೆ ಟವೆಲ್ ಸುತ್ತಿಕೊಂಡು, ಕೆಂಪು ಕಣ್ಣುಗಳಿಂದ ಸೀಬೆಕ್ ಮಾಡಿದ ತಪ್ಪೇನು ಎಂಬಂತೆ ನನ್ನನ್ನೇ ನೋಡುತ್ತಿದ್ದಳು.

"ಅಂದರೆ ಥರ್ಮೋಕಪಲ್ ಕೆಟ್ಟಿದೆ" ಎಂದು ತೀರ್ಪು ಕೊಟ್ಟೆ.

ಸಂಜೆ ವಿಡಿಯೋ ಕರೆಯಲ್ಲಿ ಅಮ್ಮ, "ಎಲ್ಲಿ, ನಿನ್ನ ನಂದಾದೀಪ ತೋರಿಸು" ಎಂದಳು. ಗುಂಡಿ ಒತ್ತಿ ಹಿಡಿದು ತೋರಿಸಿದೆ. ನಲವತ್ತು ವರ್ಷ ಬಚ್ಚಲ ಒಲೆಗೆ ಬೆಂಕಿ ಹಾಕಿ ಹಂಡೆ ಕಾಯಿಸಿದವಳು, ಕನ್ನಡಕ ಮೂಗಿಗೆ ಇಳಿಸಿ ನೋಡಿದಳು. "ಹಳದಿ ಉರಿಯುತ್ತಿದೆಯಲ್ಲೋ. ಸೊರಗಿದೆ. ಎಲ್ಲೋ ಕಸ ಕಟ್ಟಿದೆ. ಊದುಗೊಳವೆ ಇಲ್ಲವೇನೋ?"

ನಕ್ಕುಬಿಟ್ಟೆ. ಆ ನಗುವಿಗೆ ಆರು ದಿನ ಶಿಕ್ಷೆಯಾಯಿತು. ಗ್ಯಾಸ್ ಉಪಕರಣದ ಹೊಟ್ಟೆ ಬಿಚ್ಚುವ ಧೈರ್ಯ ನನಗಿಲ್ಲ. ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ, ದೋಣಿಗೆ ಕಿಟಕಿಗಳು ಅಷ್ಟೊಂದಿಲ್ಲ. ದೋಣಿಗಳ ಗ್ಯಾಸ್ ಕೆಲಸಕ್ಕೆ ಪರವಾನಗಿ ಇರುವವನು ಬರಲು ಆರು ದಿನ ಬೇಕೆಂದ. ಅಷ್ಟರಲ್ಲಿ ಹೊಸ ಥರ್ಮೋಕಪಲ್ ತರಿಸಿಟ್ಟುಕೊಂಡೆ. ಇಡ್ಲಿ ಪಾತ್ರೆಯಲ್ಲಿ ನೀರು ಕಾಯಿಸಿ ಸರದಿಯ ಮೇಲೆ ಸ್ನಾನ ಮಾಡಿದೆವು. ನಡುವೆ 14 ದಿನದ ಗಡುವು ಮುಗಿದು ದೋಣಿಯನ್ನೂ ಮುಂದಕ್ಕೆ ಒಯ್ಯಬೇಕಾಯಿತು. ಪುಣ್ಯಕ್ಕೆ ಇಲ್ಲಿ ಪ್ರತಿ ಸೇತುವೆಗೂ ನಂಬರ್ ಇದೆ. ವಿಳಾಸ ಕೇಳಿದವನಿಗೆ, "ನಿನ್ನೆಯ ಸೇತುವೆ ಅಲ್ಲ, ಅದರ ಮುಂದಿನದು" ಎಂದೆ.

ಬಂದವನು ಮಿತಭಾಷಿ. ನನ್ನ ಮಿಲಿವೋಲ್ಟ್ ಉಪನ್ಯಾಸವನ್ನು ಪೂರ್ತಿ ಕೇಳಿ, "ಹೂಂ" ಎಂದ. ಮುಚ್ಚಳ ತೆಗೆದು, ಪೈಲಟ್ಟಿನ ಪುಟ್ಟ ಹಿತ್ತಾಳೆಯ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದ. ಸೂಜಿಮೊನೆಯಷ್ಟು ರಂಧ್ರ, ಅದಕ್ಕೆ ಅಡ್ಡಲಾಗಿ ಕಪ್ಪಗಿನ ಒಂದು ಚೂರು ಧೂಳು, ಅದಕ್ಕಂಟಿದ ಜೇಡರ ಬಲೆಯ ಎಳೆ. ಅವನು ಅದನ್ನು ತುಟಿಗಿಟ್ಟುಕೊಂಡು ಊದಿದ.

ಉಫ್.

ಮತ್ತೆ ಕೂರಿಸಿ, ಸೋರಿಕೆ ಪರೀಕ್ಷಿಸಿ, ಹೊಗೆ ಕೊಳವೆ ನೋಡಲು ಮುಕ್ಕಾಲು ಗಂಟೆ ಹಿಡಿಯಿತು. ಜ್ವಾಲೆ ಈಗ ನೀಲಿಯಾಗಿ ನೇರ ನಿಂತು ಕಡ್ಡಿಯ ತುದಿಯನ್ನು ನೆಕ್ಕುತ್ತಿತ್ತು. ಹೊಸ ಥರ್ಮೋಕಪಲ್ಲಿನ ಪೊಟ್ಟಣವನ್ನು ಅವನು ಬಹಳ ಮರ್ಯಾದೆಯಿಂದ ನನ್ನ ಕೈಗೇ ವಾಪಸ್ ಕೊಟ್ಟ. ಅದು ಈಗ ಮೆಂತ್ಯದ ಡಬ್ಬಿಯ ಹಿಂದಿದೆ.

"ಊದುವುದಕ್ಕೆ ಎಷ್ಟು ತೆಗೆದುಕೊಂಡ?" ಎಂದು ಅಮ್ಮ ಕೇಳಿದಳು. ಅರ್ಧದಷ್ಟು ಹೇಳಿದೆ. ಅದಕ್ಕೇ ಒಂದು ವಾರ ಬೈದಳು.

ಗಾಳಿ ಜೋರಾದರೆ ಪೈಲಟ್ ಈಗಲೂ ಒಮ್ಮೊಮ್ಮೆ ಆರುತ್ತದೆ, ನಾನು ಮಂಡಿಯೂರುತ್ತೇನೆ. ಮೊನ್ನೆ ನೂರ ಎರಡಾದ ಮೇಲೆ ಚಹಾದ ಕಡೆ ಗಮನ ಹೋಗಿ ತಡವರಿಸಿದೆ. ಬಚ್ಚಲಿನೊಳಗಿನಿಂದ, ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿ ಕನ್ನಡದಲ್ಲಿ ಎಣಿಸಲೂ ಬಾರದಿದ್ದವಳು ಹಲ್ಲು ಕಡಿಯುತ್ತ ಕೂಗಿದಳು: "ನೂರ ಹತ್ತೊಂಬತ್ತು!"