ಹಾಡುವ ಬಂಡೆ ಯಾರ ಆಸ್ತಿ?

ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಕಡೆ ಗುಡ್ಡ ಹತ್ತಿದವರಿಗೆ ಈ ಸದ್ದು ಗೊತ್ತಿರುತ್ತದೆ. ನಾನು ಮೊದಲ ಸಲ ಹೋದಾಗ ಕುರಿ ಕಾಯುವ ಹುಡುಗನೊಬ್ಬ ಕೈಗೆ ಉಂಡೆಗಲ್ಲು ಕೊಟ್ಟು "ಇಲ್ಲಿ ಬಡೀರಿ ಅಕ್ಕಾ" ಅಂದ. ಕಪ್ಪು ಬಂಡೆಯ ಮೇಲೆ ಬಟ್ಟಲಿನಂಥ ಸಣ್ಣ ಕುಳಿ, ಒಳಗೆಲ್ಲ ನುಣುಪು. ಬಡಿದೆ. ಠಣ್ ಅಂತ ಗುಡಿಯ ಗಂಟೆ ಹಾಗೆ ಮೊಳಗಿತು. ಪಕ್ಕದ ಬಂಡೆಗೆ ಬಡಿದರೆ ಬರೀ ಟಕ್. ಮತ್ತೆ ಅದೇ ಕುಳಿಗೆ ಬಡಿದೆ. ಅಂಗೈ ಜುಮ್ ಅಂದಿತು.

ಆ ಕಪ್ಪು ಕಲ್ಲುಗಳ ಮೇಲೆ ನವಶಿಲಾಯುಗದ ದನಗಾಹಿಗಳು ಕುಟ್ಟಿ ಮೂಡಿಸಿದ ಚಿತ್ರಗಳಿವೆ. ಉದ್ದ ಕೊಂಬು, ಎತ್ತರದ ಹಿಣಿಲಿನ ದನಗಳು ಜಾಸ್ತಿ. 1892ರಲ್ಲೇ ಫಾಸೆಟ್ ಎಂಬವರು ಇವುಗಳ ಬಗ್ಗೆ ಬರೆದರು. 2004ರಲ್ಲಿ ಪುರಾತತ್ವ ಸಂಶೋಧಕಿ ನಿಕೋಲ್ ಬೋವಿನ್, ಚಿತ್ರ ಕುಟ್ಟುವುದೂ ಬಂಡೆ ಬಾರಿಸುವುದೂ ಒಂದೇ ಆಚರಣೆಯ ಭಾಗ ಆಗಿರಬಹುದು ಅಂದರು. ಅಷ್ಟು ಹೊತ್ತಿಗೆ ಕಲ್ಲುಗಣಿ ಗುಡ್ಡದ ಒಂದಿಷ್ಟು ಭಾಗವನ್ನು ತಿಂದಾಗಿತ್ತು.

ನನಗೆ ಸಂಕಟ ಆಗುವುದು ಇಲ್ಲೇ. ಪಹಣಿಯಲ್ಲಿ ಸರ್ವೇ ನಂಬರ್ ಇರುತ್ತದೆ, ಎಕರೆ, ಗುಂಟೆ, ಖರಾಬು ಎಷ್ಟು, ಯಾರ ಹೆಸರಲ್ಲಿದೆ ಎಲ್ಲ ಇರುತ್ತದೆ. ಈ ಕಲ್ಲು ಮೊಳಗುತ್ತದೆ ಅಂತ ಬರೆಯೋಕೆ ಕಾಲಂ ಇಲ್ಲ. ಗಣಿ ಗುತ್ತಿಗೆಯಲ್ಲಿ ಅದು ಇಷ್ಟು ಟನ್ ಕಲ್ಲು, ಅಷ್ಟೇ. ನೆಲ ಒಬ್ಬರ ಹೆಸರಲ್ಲಿ ಇರಬಹುದು. ಆದರೆ ಅಲ್ಲಿಂದ ಹೊರಟು ಇಡೀ ಬಯಲಿಗೆ ಕೇಳುವ ಸದ್ದು ಒಬ್ಬರದ್ದಾಗುವುದು ಹೇಗೆ?

ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ರಸ್ತೆ ನಡುವಿನ ಕಬ್ಬಿಣದ ಜಾಲರಿ ಮೇಲೆ ನಿಲ್ಲಿಸಿ ನನ್ನ ತಮ್ಮ "ಸುಮ್ನೆ ಕೇಳು ಅಕ್ಕಾ" ಅಂದಿದ್ದ. ಕೆಳಗಿನಿಂದ ಗುಂಯ್ ಅಂತ ಒಂದು ನಾದ. ದೊಡ್ಡ ಗಂಟೆ ಬಾರಿಸಿದ ಮೇಲೆ ಉಳಿಯುತ್ತದಲ್ಲ, ಹಾಗೆ. ಕಲಾವಿದ ಮ್ಯಾಕ್ಸ್ ನ್ಯೂಹೌಸ್ 1977ರಲ್ಲಿ ಜಾಲರಿಯ ಕೆಳಗೆ ಯಂತ್ರ ಇಟ್ಟು ಮಾಡಿದ ನಾದದ ಕಲಾಕೃತಿ ಅದು. ಬೋರ್ಡಿಲ್ಲ, ಟಿಕೆಟ್ಟಿಲ್ಲ. ಈಗ ಅದನ್ನು ನೋಡಿಕೊಳ್ಳುವುದು ಡಿಯಾ ಆರ್ಟ್ ಫೌಂಡೇಶನ್ ಎಂಬ ಖಾಸಗಿ ಸಂಸ್ಥೆ. ಕೇಳುವವರು ಮಾತ್ರ ಬೀದಿಯಲ್ಲಿ ಹೋಗುವ ಯಾರು ಬೇಕಾದರೂ. ಒಡೆತನ ಹೀಗೂ ಇರಬಹುದು ಅಂತ ಅಲ್ಲಿ ನಿಂತು ಅನ್ನಿಸಿತು.

1992ರಲ್ಲಿ ಆ ನಾದ ನಿಂತುಹೋಗಿತ್ತು. 2002ರಲ್ಲಿ ಮತ್ತೆ ಶುರು ಮಾಡಿದರು. ಅದು ಯಂತ್ರ, ಹೊಸದಾಗಿ ಕೂರಿಸಬಹುದು. ನಮ್ಮ ಬಂಡೆ ಸೀಳಿ ಲಾರಿ ಹತ್ತಿದರೆ ಯಾರು ವಾಪಸ್ ತರುತ್ತಾರೆ?

ಬಳ್ಳಾರಿಯಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಒಳ್ಳೆಯ ಪುರಾತತ್ವ ಮ್ಯೂಸಿಯಂ ಇದೆ. ಅದರ ಹಿಂದೆ ಪ್ರೊಫೆಸರ್ ರವಿ ಕೋರಿಶೆಟ್ಟರ್ ಅವರ ವರ್ಷಗಳ ದುಡಿಮೆ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಆದರೆ ಕಲ್ಲುಕೊಡಲಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಹಾಗೆ ಈ ಸದ್ದನ್ನು ಇಡೋಕಾಗಲ್ಲ. ನಾನು ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಿದ್ದೆ. ಮನೆಯಲ್ಲಿ ಹಾಕಿದರೆ ತಗಡು ಬಡಿದ ಹಾಗೆ ಕೇಳುತ್ತದೆ. ಗಾಳಿಯೂ ಇಲ್ಲ, ಅಂಗೈಯ ಜುಮ್ ಕೂಡ ಇಲ್ಲ.

ಅದಕ್ಕೇ ಚಿತ್ರ ಇರುವ ನಾಲ್ಕು ಬಂಡೆಗೆ ಬೇಲಿ ಹಾಕಿದರೆ ಸಾಲದು ಅನ್ನುತ್ತೇನೆ. ಗುಡ್ಡ ಪೂರ್ತಿ ಉಳಿಯಬೇಕು, ಸುತ್ತಮುತ್ತ ಎಲ್ಲೂ ಸಿಡಿಮದ್ದು ಸಿಡಿಯಬಾರದು. ಯಾವ ಬಂಡೆ ಮೊಳಗುತ್ತದೆ ಅಂತ ಕುರಿ ಕಾಯುವವರನ್ನು ಕೇಳಿ, ಒಂದೊಂದನ್ನೂ ನಕ್ಷೆಯಲ್ಲಿ ಗುರುತು ಹಾಕಬೇಕು. ಆ ಹುಡುಗನಿಗೆ ಎಲ್ಲವೂ ಗೊತ್ತಿತ್ತು. ನನಗೆ ತೋರಿಸಿದ್ದು ಮೂರೇ. ಅಷ್ಟರಲ್ಲಿ ಕುರಿಗಳು ಕೆಳಗಿಳಿದಿದ್ದವು, ಅವುಗಳ ಹಿಂದೆ ಓಡಿಬಿಟ್ಟ.